ಕಾಲು ಚಾಚುವಷ್ಟು ಜಾಗ

ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದು ರಸೆಲ್ ಮಾರ್ಕೆಟ್ ಕಡೆಗೆ ಸ್ವಲ್ಪ ನಡೆದು ನೋಡಿ. ಹಣ್ಣಿನ ಗಾಡಿ, ಅತ್ತರಿನ ಅಂಗಡಿ, ಬಟ್ಟೆಯ ಮಳಿಗೆಗಳ ನಡುವೆ ಟ್ರಾವೆಲ್ಸ್‌ಗಳ ಫಲಕಗಳು ಕಣ್ಣಿಗೆ ಬೀಳುತ್ತವೆ. ಹಜ್ಜ್, ಉಮ್ರಾ, ದುಬೈ, ಲಂಡನ್, ಟೊರಾಂಟೊ... ಇಕ್ಕಟ್ಟಿನ ಮೆಟ್ಟಿಲೇರಿ ಒಳಗೆ ಹೋದರೆ ಅಲ್ಲೊಬ್ಬ ತಾಯಿ ಮಗನ ಜೊತೆ ಕುಳಿತಿರುವುದು ಅಪರೂಪವೇನಲ್ಲ. ದೂರದೇಶದಲ್ಲಿರುವ ಮಗಳಿಗೆ ದಿನ ತುಂಬಿದೆ, ತಾಯಿ ಹೋಗಲೇಬೇಕು. ಕಂಪ್ಯೂಟರ್ ಮುಂದಿನ ಹುಡುಗ ಎರಡು ದರ ಹೇಳುತ್ತಾನೆ. ಒಂದು ಎಕಾನಮಿ, ಇನ್ನೊಂದು ಬಿಸಿನೆಸ್. ಎರಡನೆಯದು ಮೊದಲನೆಯದರ ಮೂರು ನಾಲ್ಕು ಪಟ್ಟು! ಮಗ ಬಾಯಿ ತೆರೆಯುವ ಮೊದಲೇ ತಾಯಿ ತೀರ್ಪು ಕೊಟ್ಟುಬಿಡುತ್ತಾರೆ: "ನನಗೇಕಪ್ಪಾ ಅದೆಲ್ಲ? ಕೂತುಕೊಂಡು ಹೋದರಾಯಿತು."

ಸೋದರಿಯರೇ, ಈ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ಆದರೆ ಆ ದುಬಾರಿ ಸೀಟಿನಲ್ಲಿ ಅಂಥದ್ದೇನಿದೆ? ಅದು ಬರೀ ಶ್ರೀಮಂತಿಕೆಯ ಷೋಕಿಯೇ, ಅಥವಾ ದೇಹಕ್ಕೆ ನಿಜವಾಗಿ ಬೇಕಾದದ್ದು ಏನಾದರೂ ಅದರಲ್ಲಿದೆಯೇ? ಬನ್ನಿ, ಶಿವಾಜಿನಗರದಿಂದ ಪೂರ್ವದ ದಾರಿ ಹಿಡಿದು ಈ ಲೆಕ್ಕವನ್ನು ಸ್ವಲ್ಪ ನೋಡೋಣ.

ರೈಲು, ಹಡಗು, ವಿಮಾನ

ಇಲ್ಲಿಂದ ಕೂಗಳತೆಯಲ್ಲಿ ಕಂಟೋನ್ಮೆಂಟ್ ರೈಲು ನಿಲ್ದಾಣ. 1864ರಲ್ಲಿ ಜೋಲಾರಪೇಟೆಯ ಮಾರ್ಗ ತೆರೆದಾಗಿನಿಂದ ದಂಡು ಪ್ರದೇಶದ ಜನರ ದೂರಪ್ರಯಾಣಕ್ಕೆ ಅದೇ ಬಾಗಿಲು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಹಜ್ಜ್‌ಗೆ ಹೊರಟವರು ರೈಲಿನಲ್ಲಿ ಮುಂಬಯಿಗೆ ಹೋಗಿ, ಮುಸಾಫಿರ್‌ಖಾನೆಯಲ್ಲಿ ತಂಗಿ, ಮೊಗಲ್ ಲೈನ್ ಹಡಗು ಹತ್ತುತ್ತಿದ್ದರು. ಹಣವಿದ್ದವರಿಗೆ ಕ್ಯಾಬಿನ್, ಇಲ್ಲದವರಿಗೆ ಡೆಕ್. ಸಮುದ್ರದ ಮೇಲೆ ಎಷ್ಟೋ ದಿನಗಳ ಪಯಣ. ಮುಂಬಯಿ-ಜಿದ್ದಾ ಹಡಗು ಯಾನ 1995ರಲ್ಲಿ ನಿಂತಿತು.

ಆ ಪ್ರಯಾಣದಲ್ಲಿ ಕಷ್ಟ ಬಹಳವಿತ್ತು. ಆದರೆ ಒಂದು ಸೌಕರ್ಯ ಬಡವರಿಗೂ ಇತ್ತು. ಹಾಸಿಗೆ ಬಿಡಿಸಿ ಮಲಗಬಹುದಿತ್ತು. ಇಂದಿಗೂ ರಾತ್ರಿ ರೈಲಿನ ಸ್ಲೀಪರ್ ಡಬ್ಬಿಯಲ್ಲಿ ಕೆಲವು ನೂರು ರೂಪಾಯಿಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಒಂದು ಬರ್ತ್ ಸಿಗುತ್ತದೆ. ವಿಮಾನದಲ್ಲಿ ಮಾತ್ರ ಮಲಗುವುದೇ ಅತಿ ದುಬಾರಿ ವಸ್ತು. ಹಡಗಿನ ದಿನಗಳು ಗಂಟೆಗಳಿಗೆ ಇಳಿದವು, ಆದರೆ ಆ ಗಂಟೆಗಳಷ್ಟೂ ನಾವು ಕುಳಿತೇ ಇರಬೇಕಾಯಿತು.

ವಿಮಾನಪುರದ ದಾರಿ

ಶಿವಾಜಿನಗರ ಬಿಟ್ಟು ಹಲಸೂರು ಕೆರೆಯ ಬದಿಯಿಂದ ಇಂದಿರಾನಗರ ದಾಟಿದರೆ ಹಳೆಯ ವಿಮಾನ ನಿಲ್ದಾಣದ ರಸ್ತೆ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುವಾದದ್ದು ಇಲ್ಲೇ. ಅದರ ರನ್‌ವೇಯೇ ಮುಂದೆ ಬೆಂಗಳೂರಿನ ವಿಮಾನ ನಿಲ್ದಾಣವೂ ಆಯಿತು. ಇಂದಿರಾನಗರ, ದೊಮ್ಮಲೂರಿನ ಮನೆಗಳಿಗೆ ವಿಮಾನದ ಸದ್ದು ನಿತ್ಯದ ಮಾತಾಗಿದ್ದ ಕಾಲ ಅದು. ಕಂಟೋನ್ಮೆಂಟಿನ ಮನೆಯಲ್ಲಿ ಊಟ ಮುಗಿಸಿ ಆಟೋ ಹತ್ತಿದರೂ ವಿಮಾನ ಸಿಗುತ್ತಿತ್ತು.

2008ರ ಮೇ 24ರಂದು ನಾಗರಿಕ ವಿಮಾನಗಳು ದೇವನಹಳ್ಳಿಗೆ ಹೋದವು. ಆಮೇಲೆ ಪ್ರಯಾಣದ ಲೆಕ್ಕವೇ ಬದಲಾಯಿತು. ಕೆ.ಆರ್. ಪುರದ ತೂಗುಸೇತುವೆಯ ಬಳಿ ವಾಹನಗಳು ಕಚ್ಚಿಕೊಂಡು ನಿಂತ ಸಂಜೆ ಹೊರಟವರನ್ನು ನೆನೆಸಿಕೊಳ್ಳಿ. ಕಾರಿನಲ್ಲಿ ಒಂದೂವರೆ ಎರಡು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ. ವಿಮಾನ ಏರುವ ಮೊದಲೇ ಐದು ಗಂಟೆ ಕುಳಿತಾಯಿತು! ಅಲ್ಲಿಂದ ದುಬೈಗೆ ಸುಮಾರು ನಾಲ್ಕು ಗಂಟೆ, ದುಬೈಯಿಂದ ನ್ಯೂಯಾರ್ಕ್‌ಗೆ ಇನ್ನೂ ಸುಮಾರು ಹದಿನಾಲ್ಕು.

ಇದೇ ಹಳೆಯ ರಸ್ತೆಯಲ್ಲಿ, ವಿಮಾನಪುರದಲ್ಲಿ, ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. ಆಕಾಶದಲ್ಲಿ ಮನುಷ್ಯನ ದೇಹ ಏನೇನು ಅನುಭವಿಸುತ್ತದೆ ಎಂಬುದರ ಅಧ್ಯಯನ ಇಲ್ಲಿ 1957ರಿಂದ ನಡೆದಿದೆ. ಗಗನಯಾನಕ್ಕೆ ಹೊರಟವರ ಆರೋಗ್ಯ ಪರೀಕ್ಷೆ ನಡೆದದ್ದೂ ಇಲ್ಲೇ. ಹಾರುವವರ ದೇಹದ ಬಗ್ಗೆ ಇಷ್ಟೊಂದು ಕಾಳಜಿ ಇರುವ ಊರಿನಲ್ಲಿ, ಬಾಣಂತನ ಮಾಡಲು ಹಾರುವ ತಾಯಿಯ ದೇಹದ ಬಗ್ಗೆ ಮನೆಯವರಾದರೂ ಯೋಚಿಸಬೇಡವೇ?

2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಅವರ ಜೊತೆಗಿನ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ನೇರವಾಗಿ ಬೆಂಗಳೂರಿಗೆ ಬಂದಿಳಿದದ್ದು ನಿಮಗೆ ನೆನಪಿರಬಹುದು. ಸುಮಾರು 14 ಸಾವಿರ ಕಿಲೋಮೀಟರ್, ಸುಮಾರು 17 ಗಂಟೆ. ಇಂತಹ ಹಾರಾಟಗಳಲ್ಲಿ ಪೈಲಟ್‌ಗಳು ಸರದಿಯಂತೆ ಮಲಗಲು ವಿಮಾನದೊಳಗೇ ಬಂಕ್‌ಗಳಿರುತ್ತವೆ. ಅದನ್ನು ಯಾರೂ ಐಷಾರಾಮ ಎನ್ನುವುದಿಲ್ಲ. ಇಳಿದ ಮೇಲೂ ಕೆಲಸವಿರುವವರಿಗೆ ವಿಶ್ರಾಂತಿ ಬೇಕು, ಅಷ್ಟೆ. ಹಸುಗೂಸಿನ ಆರೈಕೆಗೆಂದು ಹೊರಟ ತಾಯಿಗೂ ಇಳಿದ ಮೇಲೆಯೇ ಅಲ್ಲವೇ ಕೆಲಸ?

ಅಂಗುಲಗಳ ಲೆಕ್ಕ

ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿನವರೆಗಿನ ದೂರವನ್ನು 'ಪಿಚ್' ಎನ್ನುತ್ತಾರೆ. ಎಕಾನಮಿಯಲ್ಲಿ ಇದು ಸಾಮಾನ್ಯವಾಗಿ 31-32 ಅಂಗುಲ. ಇದರಲ್ಲಿ ಸೀಟಿನ ದಪ್ಪವೂ ಸೇರಿದೆ. ಅಗಲ 17-18 ಅಂಗುಲ. ಮುಂದಿನವರು ಸೀಟು ಹಿಂದಕ್ಕೆ ವಾಲಿಸಿದರೆ ನಮ್ಮ ಊಟದ ತಟ್ಟೆ ಎದೆಗೇ ಬಂದಂತೆ.

ಇದರ ಮೇಲಿನದು ಪ್ರೀಮಿಯಂ ಎಕಾನಮಿ. 1990ರ ದಶಕದ ಆರಂಭದಲ್ಲಿ ಹುಟ್ಟಿದ ಈ ದರ್ಜೆಯಲ್ಲಿ ಪಿಚ್ ಸುಮಾರು 38ರಿಂದ 40 ಅಂಗುಲ. ಸೀಟು ಸ್ವಲ್ಪ ಅಗಲ, ವಾಲುವುದೂ ಹೆಚ್ಚು, ಕಾಲಿಗೆ ಆಧಾರವೂ ಇರುತ್ತದೆ. ಬೆಂಗಳೂರು-ದುಬೈ ಮಾರ್ಗದ ಎ380 ವಿಮಾನದಲ್ಲಿ ಎಮಿರೇಟ್ಸ್ 2023ರ ಅಕ್ಟೋಬರ್ ಕೊನೆಯಲ್ಲಿ ಇದನ್ನು ಆರಂಭಿಸಿತು. ಇದರಲ್ಲಿ ಮಲಗಲಾಗದು, ಆದರೆ ಮಂಡಿಗೆ ಉಸಿರಾಡಲು ಜಾಗ ಸಿಗುತ್ತದೆ.

ಅದರ ಮೇಲೆ ಬಿಸಿನೆಸ್. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ದರ್ಜೆಯಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಒಬ್ಬರನ್ನು ಮಲಗಿಸುವ ಜಾಗದಲ್ಲಿ ಮೂರು ನಾಲ್ಕು ಜನರನ್ನು ಕೂರಿಸಬಹುದು. ದರ ಏರುವುದಕ್ಕೆ ದೊಡ್ಡ ಕಾರಣ ಇದೇ. ಬೆಳ್ಳಿಯ ಚಮಚ, ಬಿಸಿ ಟವೆಲ್ ಎಲ್ಲ ಆಮೇಲಿನ ಮಾತು. ನೀವು ಕೊಳ್ಳುತ್ತಿರುವುದು ನೆಲದ ಅಳತೆ, ಶಿವಾಜಿನಗರದಲ್ಲಿ ಅಂಗಡಿ ಜಾಗ ಕೊಂಡ ಹಾಗೆ!

ಆದರೆ 'ಬಿಸಿನೆಸ್' ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಕೆಲವು ಹಳೆಯ ವಿಮಾನಗಳಲ್ಲಿ ಸೀಟು ಚಪ್ಪಟೆಯಾದರೂ ಇಳಿಜಾರಾಗಿರುತ್ತದೆ. ನಿದ್ದೆ ಹತ್ತಿದರೆ ದೇಹ ಮೆಲ್ಲನೆ ಕೆಳಕ್ಕೆ ಜಾರುತ್ತದೆ. ಇನ್ನು ಕೆಲವದರಲ್ಲಿ ಪಾದವನ್ನು ಮುಂದಿನ ಸೀಟಿನಡಿಯ ಕಿರಿದಾದ ಗೂಡಿನೊಳಗೆ ತೂರಿಸಬೇಕು. ಮತ್ತೆ ಕೆಲವದರಲ್ಲಿ ಸೀಟುಗಳು ಎರಡು-ಮೂರು-ಎರಡರಂತೆ ಇದ್ದು, ನಡುವಿನವರು ಪಕ್ಕದವರನ್ನು ದಾಟಿಯೇ ಹೊರಬರಬೇಕು. ಒಂದು-ಎರಡು-ಒಂದರಂತೆ ಇದ್ದರೆ ಎಲ್ಲರಿಗೂ ನೇರ ದಾರಿ. ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಎರಡೇ: ಸೀಟು 180 ಡಿಗ್ರಿ ಚಪ್ಪಟೆಯಾಗುತ್ತದೆಯೇ? ಯಾರನ್ನೂ ದಾಟದೆ ಎದ್ದು ಹೊರಬರಬಹುದೇ?

ದೇಹ ಏನು ಹೇಳುತ್ತದೆ?

ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಂತೆ ಇರುತ್ತದೆ. ನಮ್ಮ ಬೆಂಗಳೂರು ಇರುವುದು 3 ಸಾವಿರ ಅಡಿಯಲ್ಲಿ. ಅಂದರೆ ರಾತ್ರಿಯಿಡೀ ಊಟಿಯಲ್ಲಿ ಕುರ್ಚಿಯ ಮೇಲೆ ಕುಳಿತಂತೆ ಎಂದುಕೊಳ್ಳಿ. ಜೊತೆಗೆ ಗಾಳಿ ಬಹಳ ಒಣ. ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ತುಟಿ ಒಡೆಯುತ್ತದೆ, ಗಂಟಲು ಆರುತ್ತದೆ, ಪಾದ ಊದಿಕೊಳ್ಳುತ್ತದೆ.

ಇವು ಸಣ್ಣ ತೊಂದರೆಗಳು. ದೊಡ್ಡದೊಂದಿದೆ. ಬಹಳ ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಾಲ್ಕು ಗಂಟೆಗಿಂತ ದೀರ್ಘ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆರೋಗ್ಯವಂತರಲ್ಲಿ ಅದು 6 ಸಾವಿರಕ್ಕೆ ಒಬ್ಬರಷ್ಟು, ಹೆದರಿ ಕೂರುವಂಥದ್ದಲ್ಲ. ಆದರೆ ಗರ್ಭಿಣಿಯರು, ಇತ್ತೀಚೆಗೆ ಹೆತ್ತವರು, ಗರ್ಭನಿರೋಧಕ ಅಥವಾ ಹಾರ್ಮೋನ್ ಮಾತ್ರೆ ಸೇವಿಸುವವರು, ತೂಕ ಹೆಚ್ಚಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಹಿಂದೊಮ್ಮೆ ಹೆಪ್ಪುಗಟ್ಟಿದವರು ಹೆಚ್ಚು ಎಚ್ಚರದಿಂದಿರಬೇಕು. ನಮ್ಮ ಮನೆಗಳ ಎಷ್ಟು ಹೆಂಗಸರು ಈ ಪಟ್ಟಿಯಲ್ಲಿ ಬರುತ್ತಾರೆ, ನೀವೇ ಎಣಿಸಿ ನೋಡಿ.

ಜನ ಇದನ್ನು 'ಎಕಾನಮಿ ಕ್ಲಾಸ್ ಕಾಯಿಲೆ' ಎನ್ನುತ್ತಾರೆ. ಆ ಹೆಸರು ಸರಿಯಲ್ಲ. ಬಸ್ಸು, ಕಾರು, ರೈಲಿನಲ್ಲಿ ಗಂಟೆಗಟ್ಟಲೆ ಕುಳಿತವರಿಗೂ ಇದು ಬರಬಹುದು, ಬಿಸಿನೆಸ್ ದರ್ಜೆಯಲ್ಲಿ ಅಲುಗಾಡದೆ ಕುಳಿತವರಿಗೂ ಬರಬಹುದು. ಅಮೆರಿಕದ ಎದೆರೋಗ ತಜ್ಞರ ಸಂಘ 2012ರ ಮಾರ್ಗಸೂಚಿಯಲ್ಲಿ ಅಗ್ಗದ ದರ್ಜೆಯೇ ಕಾರಣವೆನ್ನಲು ಖಚಿತ ಪುರಾವೆ ಇಲ್ಲವೆಂದಿತು. ಕಿಟಕಿ ಬದಿಯ ಸೀಟಿನ ಕಡೆಗೆ ಮಾತ್ರ ಅದು ಬೆರಳು ತೋರಿಸಿತು. ಏಕೆ ಗೊತ್ತೇ? ಅಲ್ಲಿ ಕುಳಿತವರು ಏಳುವುದು ಕಡಿಮೆ!

ನಮ್ಮ ಸಂಕೋಚ

ಸೋದರಿಯರೇ, ವಿಷಯದ ತಿರುಳು ಇರುವುದು ಇಲ್ಲೇ. ನಮ್ಮ ತಾಯಂದಿರು ವಿಮಾನದಲ್ಲಿ ಹೇಗೆ ಕೂರುತ್ತಾರೆ? ಪಕ್ಕದಲ್ಲಿ ಅಪರಿಚಿತ ಗಂಡಸರು ಮಲಗಿದ್ದಾರೆ. ಎಬ್ಬಿಸುವುದು ಹೇಗೆ? ದಾಟುವುದು ಹೇಗೆ? ಅದಕ್ಕಿಂತ ಏಳದಿರುವುದೇ ವಾಸಿ. ಏಳದಿರಬೇಕಾದರೆ ನೀರು ಕುಡಿಯಬಾರದು. ಹೀಗೆ ಹದಿನಾಲ್ಕು ಗಂಟೆ ಕೈಕಾಲು ಮುದುರಿ, ಬಾಯಾರಿ, ಮೂತ್ರ ತಡೆದು ಕುಳಿತು ಬರುತ್ತಾರೆ. ಇಳಿದಾಗ "ಪ್ರಯಾಣ ಹೇಗಿತ್ತಮ್ಮಾ?" ಎಂದು ಕೇಳಿದರೆ "ಚೆನ್ನಾಗಿತ್ತು, ಏನೂ ತೊಂದರೆಯಾಗಲಿಲ್ಲ" ಎನ್ನುತ್ತಾರೆ. ಪಾದ ಚಪ್ಪಲಿಯೊಳಗೆ ಹಿಡಿಸುತ್ತಿಲ್ಲವೆಂದು ಹೇಳುವುದಿಲ್ಲ.

ಪ್ರೀಮಿಯಂ ಕ್ಯಾಬಿನ್‌ನ ನಿಜವಾದ ಸುಖ ನನ್ನ ದೃಷ್ಟಿಯಲ್ಲಿ ಮೆತ್ತನೆಯ ಹಾಸಿಗೆಯಲ್ಲ. ಯಾರ ಅನುಮತಿಯನ್ನೂ ಕೇಳದೆ ಎದ್ದು ನಿಲ್ಲಬಹುದು ಎಂಬುದೇ ಅದು. ಆ ಸುಖದ ಒಂದು ಪಾಲು ಎಕಾನಮಿಯಲ್ಲೂ ಸಿಗುತ್ತದೆ. ಅದರ ಹೆಸರು ನಡೆದಾಡುವ ದಾರಿ ಬದಿಯ ಸೀಟು. ಕೆಲವು ಕಂಪೆನಿಗಳಲ್ಲಿ ಇದು ಉಚಿತ, ಕೆಲವದರಲ್ಲಿ ಸ್ವಲ್ಪ ಶುಲ್ಕ. ವುಝೂ ಮಾಡಲು, ನಾಲ್ಕು ಹೆಜ್ಜೆ ನಡೆಯಲು, ನೀರು ಕೇಳಲು ಯಾರನ್ನೂ ಎಬ್ಬಿಸಬೇಕಿಲ್ಲ.

ಟಿಕೆಟ್ ಮಾಡಿಸುವ ಮುನ್ನ

ಹಣ ಸೀಮಿತವಾಗಿದ್ದರೆ ಇಡೀ ಪ್ರಯಾಣಕ್ಕೆ ದೊಡ್ಡ ದರ್ಜೆ ಬೇಕಿಲ್ಲ. ದುಬೈವರೆಗಿನ ನಾಲ್ಕು ಗಂಟೆಗೆ ಎಕಾನಮಿ ಸಾಕು. ಮುಂದಿನ ಹದಿನಾಲ್ಕು ಗಂಟೆಗೆ ಮಾತ್ರ ಮೇಲಿನ ದರ್ಜೆ ಕೇಳಿ ನೋಡಿ, ಆದರೆ ಎರಡೂ ಒಂದೇ ಟಿಕೆಟ್‌ನಲ್ಲಿರಲಿ. ಹಗಲಿನ ಹಾರಾಟಕ್ಕಿಂತ ರಾತ್ರಿಯದಕ್ಕೆ ಖರ್ಚು ಮಾಡುವುದು ಲಾಭ. ಮನೆಯ ನಾಲ್ವರು ಹೊರಟಿದ್ದರೆ ಮಂಡಿನೋವಿನ ಹಿರಿಯರೊಬ್ಬರಿಗೆ ಮಾತ್ರ ಪ್ರೀಮಿಯಂ ಎಕಾನಮಿ ತೆಗೆದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಒಬ್ಬರೇ ಕೂರಲು ಅವರಿಗೆ ಧೈರ್ಯವಿದೆಯೇ ಎಂದು ಮೊದಲು ಕೇಳಿ.

ತುರ್ತು ಬಾಗಿಲ ಬಳಿಯ ಸೀಟಿನಲ್ಲಿ ಕಾಲಿಗೆ ಜಾಗ ಹೆಚ್ಚು. ಆದರೆ ವೃದ್ಧರು, ಗರ್ಭಿಣಿಯರು, ಮಕ್ಕಳಿಗೆ ಅದನ್ನು ಕೊಡುವುದಿಲ್ಲ. ಕೊನೆಯ ಸಾಲಿನ ಸೀಟು ಅನೇಕ ವಿಮಾನಗಳಲ್ಲಿ ಹಿಂದಕ್ಕೆ ವಾಲುವುದಿಲ್ಲ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಬರೆಸಿ.

ಯಾವ ಸೀಟಾದರೂ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ಎರಡು ಗಂಟೆಗೊಮ್ಮೆ ಎದ್ದು ನಡೆಯಬೇಕು, ಆಗಾಗ ನೀರು ಕುಡಿಯಬೇಕು. ಮಂಡಿಯವರೆಗಿನ ಬಿಗಿ ಕಾಲುಚೀಲ ಒಳ್ಳೆಯದು. ಆದರೆ ಸಕ್ಕರೆ ಕಾಯಿಲೆ ಅಥವಾ ಕಾಲಿನ ರಕ್ತಸಂಚಾರದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹಾಕಬೇಕು. ಆಸ್ಪಿರಿನ್‌ನಂತಹ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನುಂಗಬೇಡಿ. ಪ್ರಯಾಣದ ನಂತರ, ವಾರಗಳು ಕಳೆದಿದ್ದರೂ ಸರಿ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ವಿಮಾನದಲ್ಲಿ ಬಂದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. "ಅಮ್ಮಾ, ಒಳ್ಳೆಯ ಸೀಟು ಬೇಕಾ?" ಎಂದು ಕೇಳಬೇಡಿ. ಉತ್ತರ ನಿಮಗೆ ಗೊತ್ತೇ ಇದೆ. ದರದ ಜೊತೆಗೆ ಸೀಟಿನ ನಕ್ಷೆಯನ್ನೂ ತೋರಿಸುವಂತೆ ಟ್ರಾವೆಲ್ಸ್‌ನವರಿಗೆ ಹೇಳಿ, ಅವರಿಗಾಗಿ ನೀವೇ ಆರಿಸಿ. ಬಿಸಿನೆಸ್ ಟಿಕೆಟ್ ಕೊಡಿಸುವ ಶಕ್ತಿ ಎಲ್ಲರಿಗಿಲ್ಲ. ಆದರೆ ಹೊರಡುವ ಹಿಂದಿನ ರಾತ್ರಿ ತಾಯಿಯ ಬಳಿ ಕುಳಿತು, "ಪಕ್ಕದವರನ್ನು ಎಬ್ಬಿಸಿ ಏಳುವುದು ತಪ್ಪಲ್ಲಮ್ಮಾ, ಸಂಕೋಚಪಡಬೇಡಿ" ಎಂದು ಹೇಳುವುದಕ್ಕೆ ಒಂದು ರೂಪಾಯಿಯೂ ಬೇಡ.