ದಾದಾರ ತೋಟವೂ ಮಾನಸಗಂಗೋತ್ರಿಯ ಓದೂ

ಜ್ಞಾನಾರ್ಜನೆಯ ಮಹತ್ವವನ್ನು ಕುರಿತ ಮಾತುಗಳಿಗೆ ನಮ್ಮ ಸಮುದಾಯದಲ್ಲಿ ಕೊರತೆಯಿಲ್ಲ. ದಿವ್ಯವಾಣಿಯ ಪ್ರಥಮ ಆದೇಶವೇ ಓದಿಗೆ ಸಂಬಂಧಿಸಿದ್ದು ಎಂಬುದನ್ನು ಪ್ರತಿಯೊಂದು ವೇದಿಕೆಯಲ್ಲೂ ಕೇಳುತ್ತೇವೆ. ಆದರೆ ಓದಿದ ಮಗಳು ಮನೆಗೆ ಮರಳಿದಾಗ ಆ ಓದಿಗೆ ಮನೆಯೊಳಗೆ ಎಷ್ಟು ಜಾಗವಿದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ನಮಗೆ ಈ ಪ್ರಶ್ನೆ ಒಂದು ಪಹಣಿಯ ರೂಪದಲ್ಲಿ ಎದುರಾಯಿತು.

ನಾವಿಬ್ಬರು ಅಣ್ಣತಮ್ಮಂದಿರ ಮಕ್ಕಳು. ತಿಪಟೂರು ಮತ್ತು ತುರುವೇಕೆರೆಯ ನಡುವಿನ ಹಳ್ಳಿ ನಮ್ಮದು. ದಾದಾ ಬಿಟ್ಟುಹೋದ ಒಂದೂವರೆ ಎಕರೆ ತೋಟ, ಅರವತ್ತು ತೆಂಗಿನ ಮರ. ಎರಡು ಕುಟುಂಬಗಳ ಬದುಕು ಅದರ ಮೇಲೆಯೇ ನಿಂತಿತ್ತು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಅವಸರದ ಬೆಳೆಯಲ್ಲ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಬರಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದರೆ ಗಿಟುಕು ಇಡಿಯಾಗಿ ಕೈಗೆ ಬರುತ್ತದೆ. ಇಷ್ಟು ಕಾದ ಮೇಲೂ ಬೆಲೆ ತಿಪಟೂರಿನ ಮಾರುಕಟ್ಟೆಯಲ್ಲಿ ಏನಾಗಿರುವುದೋ ಅದೇ. ಅಂಥ ಮನೆಯ ಇಬ್ಬರು ಹೆಣ್ಣುಮಕ್ಕಳು ಒಟ್ಟಿಗೆ ಎಂ.ಎ. ಓದಲು ಹೊರಟಾಗ ಬಂಧುಗಳಲ್ಲಿ ಕೆಲವರು ಹುಬ್ಬೇರಿಸಿದ್ದು ಸಹಜವೇ ಆಗಿತ್ತು. ನಮ್ಮ ತಂದೆಯವರು ಮಾತ್ರ ಅಲ್ಲಾಹನ ಮೇಲೆ ಭರವಸೆಯಿಟ್ಟು, ಅರಸೀಕೆರೆ, ಹಾಸನ ಮಾರ್ಗವಾಗಿ ನಮ್ಮನ್ನು ರೈಲಿನಲ್ಲಿ ಕರೆದೊಯ್ದು ಹಾಸ್ಟೆಲಿನ ಬಾಗಿಲವರೆಗೆ ಬಂದು ಬಿಟ್ಟುಹೋದರು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವದು. ಅದರ ಸ್ನಾತಕೋತ್ತರ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರನ್ನಿತ್ತವರು ಕುಲಪತಿಗಳಾಗಿದ್ದ ಕುವೆಂಪು. ಪಕ್ಕದಲ್ಲಿಯೇ ಕುಕ್ಕರಹಳ್ಳಿ ಕೆರೆ. ನಮ್ಮಲ್ಲೊಬ್ಬಳು ಕನ್ನಡ ವಿಭಾಗಕ್ಕೆ, ಇನ್ನೊಬ್ಬಳು ಅರ್ಥಶಾಸ್ತ್ರ ವಿಭಾಗಕ್ಕೆ ಸೇರಿದೆವು. ಮನೆಯಲ್ಲಿ ದಖ್ಖನಿ, ತರಗತಿಯಲ್ಲಿ ಹಳಗನ್ನಡ. ಮೊದಲ ತಿಂಗಳುಗಳಲ್ಲಿ ಸಹಪಾಠಿಗಳು ಅಚ್ಚರಿಯಿಂದ, "ನೀವು ಕನ್ನಡ ಎಂ.ಎ. ಯಾಕೆ ತಗೊಂಡ್ರಿ?" ಎಂದು ಕೇಳುತ್ತಿದ್ದರು. ಪ್ರಶ್ನೆಯಲ್ಲಿ ಕೆಡುಕಿರಲಿಲ್ಲ. ಕೆಲವೇ ದಿನಗಳಲ್ಲಿ ಅವರೇ ಟಿಪ್ಪಣಿ ಕೇಳಿಕೊಂಡು ನಮ್ಮ ಕೋಣೆಗೆ ಬರತೊಡಗಿದರು.

2024ರ ರಮಝಾನ್ ಮಾರ್ಚ್ ತಿಂಗಳಲ್ಲಿ ಬಂದಿತ್ತು. ಅಡುಗೆಮನೆಯ ಅಕ್ಕ ರಾತ್ರಿಯೇ ಚಪಾತಿ, ಪಲ್ಯ ಕಟ್ಟಿಡುತ್ತಿದ್ದರು. ಸಹರಿಗೆ ಅದೇ ಆಹಾರ. ಮನೆಯಿಂದ ದೂರವಿದ್ದು ಹಿಡಿದ ಆ ಉಪವಾಸಗಳಲ್ಲಿ, ಯಾರ ಹಂಗೂ ಇಲ್ಲದೆ ಅಲ್ಲಾಹನಿಗಾಗಿ ಮಾತ್ರ ಹಸಿದಿರುವುದರ ಅರ್ಥ ನಮಗೆ ಹೆಚ್ಚು ಸ್ಪಷ್ಟವಾಯಿತು.

ವಿಶ್ವವಿದ್ಯಾನಿಲಯವು ನಮಗೆ ಕಲಿಸಿದ್ದು ವಿಷಯಗಳಿಗಿಂತ ಮಿಗಿಲಾಗಿ ಒಂದು ಅಭ್ಯಾಸವನ್ನು. ಶಾಸನ ಪಾಠದಲ್ಲಿ ಗುರುಗಳು, ದಾನ ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಯಾವುದು, ಸಾಕ್ಷಿಗಳಾರು ಎಂದು ಒಂದೊಂದಾಗಿ ಗುರುತಿಸಲು ಹೇಳುತ್ತಿದ್ದರು. ಬರೆದಿರುವ ಹೆಸರುಗಳನ್ನು ಓದಿದ ಮೇಲೆ, ಬರೆಯದೆ ಬಿಟ್ಟ ಹೆಸರುಗಳು ಯಾವುವೆಂದು ಯೋಚಿಸುವುದೂ ಓದೇ ಎಂಬುದನ್ನು ಅಲ್ಲಿ ಕಲಿತೆವು. ಅರ್ಥಶಾಸ್ತ್ರದ ತರಗತಿಯಲ್ಲಿ ಬೆಂಬಲ ಬೆಲೆಯ ಪಾಠ ಬಂದಾಗ ನಮ್ಮ ಕಣ್ಣೆದುರಿಗೆ ಬಂದುದು ನಮ್ಮದೇ ಅಟ್ಟ.

ಆ ವರ್ಷ ಕೊಬ್ಬರಿಯ ಮಾರುಕಟ್ಟೆ ದರ ಕುಸಿದಿತ್ತು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರವು ಕ್ವಿಂಟಾಲಿಗೆ 12,000 ರೂ. ಬೆಂಬಲ ಬೆಲೆ ನಿಗದಿಪಡಿಸಿತ್ತು. ರಾಜ್ಯ ಸರ್ಕಾರ ಅದಕ್ಕೆ 1,500 ರೂ. ಪ್ರೋತ್ಸಾಹಧನ ಸೇರಿಸಿತ್ತು. ನಾಫೆಡ್ ಖರೀದಿಯ ನೋಂದಣಿಗೆ ರೈತರು ಕಾಗದಪತ್ರಗಳೊಡನೆ ಸಾಲುಗಟ್ಟಿ ನಿಂತರು. ನಮ್ಮ ಮನೆಗೆ ಮಾತ್ರ ಅದು ದಕ್ಕಲಿಲ್ಲ. ಪಹಣಿ ಇನ್ನೂ ತೀರಿಹೋದ ದಾದಾರ ಹೆಸರಿನಲ್ಲಿಯೇ ಇತ್ತು. ಆರು ಕ್ವಿಂಟಾಲ್ ಕೊಬ್ಬರಿಯನ್ನು ಸಿಕ್ಕಿದ ದರಕ್ಕೆ ಮಾರಬೇಕಾಯಿತು. ಆ ವ್ಯತ್ಯಾಸದ ಹಣವೆಂದರೆ ನಮ್ಮಿಬ್ಬರ ಹಲವು ತಿಂಗಳ ಊಟದ ಖರ್ಚು.

ಪೌತಿ ಖಾತೆ ಮಾಡಿಸಬೇಕೆಂದು ತಂದೆಯವರು ತೀರ್ಮಾನಿಸಿದಾಗ, ಅರ್ಜಿ ಬರೆಯುವ ಕೆಲಸ ರಜೆಗೆ ಬಂದಿದ್ದ ನಮ್ಮ ಪಾಲಿಗೆ ಬಂತು. ಅರ್ಜಿಯೊಡನೆ ವಂಶವೃಕ್ಷ ಕೊಡಬೇಕು. ಪರಿಚಿತರೊಬ್ಬರು, ಹೆಣ್ಣುಮಕ್ಕಳನ್ನು ಸೇರಿಸಿದರೆ ತಕರಾರು, ಗಂಡುಮಕ್ಕಳ ಹೆಸರಷ್ಟೇ ಸಾಕು, ಇಲ್ಲವೇ ಅವರಿಂದ ಹಕ್ಕು ಬಿಡುಗಡೆ ಬರೆಸಿಕೊಳ್ಳಿ ಎಂದು ಸಲಹೆಯಿತ್ತರು. ಇದು ಊರಿನ ವಾಡಿಕೆ. ಯಾವ ಧರ್ಮದ ಮನೆಯೂ ಇದಕ್ಕೆ ಹೊರತಲ್ಲ. ಆದರೆ ದಾದಾರಿಗೆ ಇಬ್ಬರು ಗಂಡುಮಕ್ಕಳಷ್ಟೇ ಅಲ್ಲ, ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ದೊಡ್ಡ ಫೂಫು ಚಿಕ್ಕನಾಯಕನಹಳ್ಳಿಯಲ್ಲಿ ತೆಂಗಿನ ನಾರಿನ ಕೆಲಸಕ್ಕೆ ಹೋಗುತ್ತಾರೆ. ಚಿಕ್ಕ ಫೂಫು ವಿಧವೆ. ತುರುವೇಕೆರೆಯಲ್ಲಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕುತ್ತಿದ್ದಾರೆ.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ಸಾಲ ಮತ್ತು ವಸಿಯ್ಯತ್ ತೀರಿದ ಬಳಿಕ ವಾರಸುದಾರರ ಪಾಲನ್ನು ನಿಗದಿಪಡಿಸಿದೆ. ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. 1937ರ ಷರೀಅತ್ ಅನ್ವಯ ಕಾಯ್ದೆಯು ಕೃಷಿ ಭೂಮಿಯ ವಿಷಯವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತೆಂದು ನಾವು ಗ್ರಂಥಾಲಯದಲ್ಲಿ ಓದಿದ್ದೆವು. ಆದರೆ ಅಲ್ಲಾಹನ ಗ್ರಂಥವು ಮನೆ, ನಗದು, ತೋಟ ಎಂಬ ಭೇದ ಮಾಡಿಲ್ಲ. ಅದರ ಅತಿ ದೀರ್ಘ ವಚನವು ಸಾಲದ ವ್ಯವಹಾರವನ್ನು ಬರೆದಿಡುವ ಬಗೆಗಿನದು. ಹಕ್ಕಿನ ವಿಷಯದಲ್ಲಿ ಬರಹಕ್ಕೆ ಇಷ್ಟು ಬೆಲೆ ಕೊಟ್ಟ ಧರ್ಮದವರು ನಾವು.

ಕಾಗದದ ಮೇಲೆ ಲೆಕ್ಕ ಹಾಕಿ ತಂದೆಯವರ ಮುಂದಿಟ್ಟೆವು: ಅರವತ್ತು ಮರಗಳಲ್ಲಿ ಗಂಡುಮಕ್ಕಳಿಗೆ ಇಪ್ಪತ್ತಿಪ್ಪತ್ತು, ಹೆಣ್ಣುಮಕ್ಕಳಿಗೆ ಹತ್ತುಹತ್ತು. ಮನೆಯಲ್ಲಿ ಬಹಳ ಹೊತ್ತು ಮೌನ. "ಆ ಇಪ್ಪತ್ತು ಮರದ ಕಾಯಿ ಹೋದ್ರೆ ನಿಮ್ಮ ಫೀಸು ಎಲ್ಲಿಂದ ಕಟ್ಲಿ?" ಎಂದು ಚಾಚಾ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. "ಫೂಫುಗಳ ಪಾಲಿನಿಂದ ನಾವು ಓದಿದ್ದೇ ಆದರೆ ಆ ಓದಿನ ಸಾಲ ನಮ್ಮ ಮೇಲೇ ಅಲ್ವಾ ಚಾಚಾ?" ಎಂದೆವು. ಉತ್ತರ ಆಗಲೇ ಬರಲಿಲ್ಲ. ಮರುದಿನ ಫಜ್ರ್ ನಮಾಝಿನ ಬಳಿಕ ಅಣ್ಣತಮ್ಮಂದಿರು ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದರು. ದೊಡ್ಡ ಫೂಫು ತಮಗೇನೂ ಬೇಡವೆಂದರಂತೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯ ಅವರದು. "ಬಾಗಿಲೂ ಇರುತ್ತೆ, ಪಾಲೂ ಇರುತ್ತೆ" ಎಂದು ಅಬ್ಬಾ ಹೇಳಿದರಂತೆ. ನಾಡಕಚೇರಿಗೆ ಕೊಟ್ಟ ವಂಶವೃಕ್ಷದಲ್ಲಿ ನಾಲ್ಕು ಹೆಸರುಗಳೂ ಇದ್ದವು.

ಬೆಲೆ ಬಿದ್ದಿರುವಾಗ ಪಾಲು ಒಪ್ಪುವುದು ಸುಲಭ. ನಿಜವಾದ ಪರೀಕ್ಷೆ 2025ರಲ್ಲಿ ಬಂತು. ಕೊಬ್ಬರಿ ಕ್ವಿಂಟಾಲಿಗೆ 20,000 ರೂ. ದಾಟಿತು. ಕೊಬ್ಬರಿ ಮಾರಿದ ಹಣದಲ್ಲಿ ಇಬ್ಬರು ತಂಗಿಯರ ಪಾಲನ್ನು ತಂದೆಯವರು ಮೊದಲು ಎಣಿಸಿಟ್ಟು, ಉಳಿದುದನ್ನು ಹಂಚಿಕೊಂಡರು. ಆ ಹಣದಲ್ಲಿ ಚಿಕ್ಕ ಫೂಫು ತಮ್ಮ ಮಗಳನ್ನು ತಿಪಟೂರಿನ ಕಾಲೇಜಿಗೆ ಸೇರಿಸಿದ್ದಾರೆ. ನಮ್ಮ ಕೊನೆಯ ಶುಲ್ಕವನ್ನು ವಿದ್ಯಾರ್ಥಿವೇತನದಿಂದಲೂ ಸಂಜೆಯ ಮನೆಪಾಠದ ಸಂಪಾದನೆಯಿಂದಲೂ ನಾವೇ ಹೊಂದಿಸಿಕೊಂಡೆವು. ಅಲ್‌ಹಮ್ದುಲಿಲ್ಲಾಹ್, ಓದು ನಿಲ್ಲಲಿಲ್ಲ.

ಹೆಣ್ಣುಮಕ್ಕಳನ್ನು ದೂರದೂರಿಗೆ ಓದಲು ಕಳುಹಿಸಿದರೆ ಮನೆತನದ ಮಾತು ಮೀರುತ್ತಾರೆಂದು ಅಂಜುವ ಹೆತ್ತವರು ಇಂದಿಗೂ ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ. ಓದಿದ ಮಗಳು ಪ್ರಶ್ನೆ ಕೇಳುವುದು ನಿಜ. ಅದು ಅಲ್ಲಾಹನು ವಿಧಿಸಿದ ಹಕ್ಕಿನ ಕುರಿತ ಪ್ರಶ್ನೆಯಾಗಿದ್ದರೆ, ಆ ಮನೆಯ ಲೆಕ್ಕ ಪರಲೋಕದಲ್ಲಿ ಹಗುರವಾಗುತ್ತದೆ. ನಿಮ್ಮ ಮನೆಯ ಪಹಣಿಯನ್ನು ಒಮ್ಮೆ ತೆಗೆದು ನೋಡಿರಿ. ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂದು ನಿಮ್ಮ ಮಗಳಿಂದಲೇ ಓದಿಸಿರಿ. ಹಕ್ಕುದಾರರಿಗೆ ಅವರ ಹಕ್ಕನ್ನು ತಲುಪಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.