37.4ಕ್ಕೆ ನಿಂತ ಪೆಟ್ಟಿಗೆ

ಬೆಳಗ್ಗೆ ಐದೂವರೆಗೆ ನಾಗಮಂಗಲದಿಂದ ಅತ್ತೆಯ ಫೋನು. "ಮಗ, ಪೆಟ್ಟಿಗೆ ಒಳಗೆ ಕೈ ಇಟ್ರೆ ಸುಡಂಗದೆ. ಆದ್ರೆ ಲೆಕ್ಕ ಮಾತ್ರ ಸರಿಯಾಗೇ ತೋರಿಸ್ತಾ ಅದೆ ಕಣೋ, 37.4."

ನಿದ್ದೆಗಣ್ಣಲ್ಲೇ ಎದೆ ಧಸಕ್ ಅಂತು. ಪೆಟ್ಟಿಗೆ ಅಂದ್ರೆ ನಾನು ಮಾಡಿಕೊಟ್ಟಿದ್ದ ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರ್. ಥರ್ಮೋಕೋಲ್ ಡಬ್ಬ, ಅರವತ್ತು ವ್ಯಾಟಿನ ಎರಡು ಬಲ್ಬು, ಒಂದು ಫ್ಯಾನು, ಆರ್ಡುಯಿನೋ ಬೋರ್ಡು, ಪುಟ್ಟ ಡಿಸ್‌ಪ್ಲೇ. ಒಳಗೆ ನಲವತ್ತು ನಾಟಿಕೋಳಿ ಮೊಟ್ಟೆ, ಅವತ್ತಿಗೆ ಹನ್ನೊಂದನೇ ದಿನ. ಕೋಳಿಮೊಟ್ಟೆಗೆ 37.5 ಡಿಗ್ರಿಯ ಆಸುಪಾಸಿನಲ್ಲಿ 21 ದಿನ ಕಾವು ಬೇಕು. 40 ದಾಟಿ ಒಂದಷ್ಟು ಗಂಟೆ ಕಳೆದರೆ ಒಳಗಿನ ಜೀವ ಉಳಿಯಲ್ಲ. ರಾತ್ರಿ ಯಾವಾಗಲೋ ಪ್ರೋಗ್ರಾಮು ನಿಂತುಹೋಗಿದೆ, ಆಗ ಬಲ್ಬು ಉರಿಯುತ್ತಿತ್ತು, ಬೆಳಗಿನ ತನಕ ಉರಿಯುತ್ತಲೇ ಇತ್ತು. ಡಿಸ್‌ಪ್ಲೇ ಮಾತ್ರ ತಾನು ಕೊನೆಗೆ ಕಂಡ ಅಂಕಿಯನ್ನೇ ತೋರಿಸುತ್ತಾ ಕೂತಿತ್ತು. ಹಿಂದಿನ ರಾತ್ರಿ ಅತ್ತೆ ಅದನ್ನು ನೋಡಿ "ಇವತ್ತು ಒಂಚೂರೂ ಅಲ್ಲಾಡ್ತಿಲ್ಲ, ಚೆನ್ನಾಗದೆ" ಅಂತ ಖುಷಿಯಾಗಿ ಮಲಗಿದ್ದರಂತೆ. ನಲವತ್ತರಲ್ಲಿ ಒಂದೂ ಉಳಿಯಲಿಲ್ಲ.

ನಾನು ಮಾಡಿದ ಮೊದಲ ಕೆಲಸ ಹಳ್ಳಿಯ ಕರೆಂಟನ್ನು ಬೈದದ್ದು. ಬೆಂಗಳೂರಿನ ನನ್ನ ಮೇಜಿನ ಮೇಲೆ ಮೂರು ದಿನ ಸರಿಯಾಗಿ ಓಡಿದ್ದು ಅಲ್ಲಿ ನಿಲ್ಲುತ್ತೆ ಅಂದ್ರೆ ವೋಲ್ಟೇಜೇ ಕಾರಣ ಅಲ್ವಾ? ಸ್ಟೆಬಿಲೈಸರ್ ಕೊಡಿಸಿ ಖಾಲಿ ಪೆಟ್ಟಿಗೆ ಓಡಿಸಿದ್ದಾಯ್ತು. ಆಗಲೂ ನಿಲ್ಲುತ್ತಿತ್ತು. ಅತ್ತೆ ಆಫ್ ಮಾಡಿ ಆನ್ ಮಾಡ್ತಿದ್ದರು.

ಆಮೇಲೆ ನನ್ನ ಜಾಣತನ ಶುರು. ಚಿಪ್ಪಿನೊಳಗೆ ವಾಚ್‌ಡಾಗ್ ಅಂತ ಒಂದಿದೆ, ಹೆಸರಿಗೆ ತಕ್ಕ ಹಾಗೆ ಕಾವಲು ನಾಯಿ. ಪ್ರೋಗ್ರಾಮು ಆಗಾಗ ಅದರ ತಲೆ ಸವರುತ್ತಿರಬೇಕು. ಎರಡು ಸೆಕೆಂಡು ಮರೆತರೆ ಅದು ಚಿಪ್ಪನ್ನೇ ರೀಸೆಟ್ ಮಾಡಿಬಿಡುತ್ತೆ. ಒಂದು ಭಾನುವಾರ ಹೋಗಿ ಅದನ್ನು ಹಾಕಿ, ಎಸ್.ಪಿ. ರೋಡಿನಿಂದ ತಂದಿದ್ದ 40 ಡಿಗ್ರಿಯ ಬೈಮೆಟಲ್ ಸ್ವಿಚ್ಚನ್ನೂ ಬಲ್ಬಿನ ಲೈನಿಗೆ ಸೇರಿಸಿ ಬಂದೆ. ಈ ಸ್ವಿಚ್ಚಿಗೆ ಪ್ರೋಗ್ರಾಮೂ ಇಲ್ಲ ಬುದ್ಧಿಯೂ ಇಲ್ಲ, ಬಿಸಿಯಾದರೆ ಕಟ್ ಮಾಡುತ್ತೆ ಅಷ್ಟೆ. ಮೊದಲ ದಿನವೇ ಹಾಕಬೇಕಿತ್ತು.

ಅತ್ತೆ ಮತ್ತೆ ಇಪ್ಪತ್ತು ಮೊಟ್ಟೆ ಇಟ್ಟರು. ಆರನೇ ದಿನ ಫೋನು: "ಲೋ, ನಿನ್ ಡಬ್ಬ ಮತ್ತೆ ಒಂದನೇ ದಿನ ಅಂತದೆ!" ಕಾಯಿಲೆ ಹಾಗೇ ಇತ್ತು, ನಾನು ಬರೀ ಅದನ್ನು ಮುಚ್ಚಿಟ್ಟಿದ್ದೆ ಅಷ್ಟೆ :-(

ಶನಿವಾರ ಊರಿಗೆ ಓಡಿದೆ. ಅತ್ತೆ ಕಾಫಿ ಕೊಟ್ಟು ಹಾಲಿನ ಲೆಕ್ಕದ ಪುಸ್ತಕ ಮುಂದಿಟ್ಟರು. ಖಾಲಿ ಪೆಟ್ಟಿಗೆ ಓಡುತ್ತಿದ್ದಾಗ, ಪ್ರತಿ ಸಲ ನಿಂತಾಗಲೂ ಡಿಸ್‌ಪ್ಲೇಯಲ್ಲಿ ಇದ್ದದ್ದನ್ನು ಕೊನೇ ಪುಟದಲ್ಲಿ ಬರೆದಿಟ್ಟಿದ್ದರು. ಡಿಸ್‌ಪ್ಲೇಯ ಮೂಲೆಯಲ್ಲಿ, ಆನ್ ಮಾಡಿ ಎಷ್ಟು ಹೊತ್ತಾಯ್ತು ಅಂತ ಗಂಟೆ ನಿಮಿಷ ಇರುತ್ತೆ. 4:01, 8:01, 4:01, 12:01. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ನಾಲ್ಕು ಗಂಟೆಗೊಮ್ಮೆ ಮೊಟ್ಟೆ ಹೊರಳಿಸೋಕೆ ಒಂದು ಸಣ್ಣ ಮೋಟಾರ್ ಇದೆ, ಒಂದು ನಿಮಿಷ ತಿರುಗಿ ನಿಲ್ಲುತ್ತೆ. ಅಂದ್ರೆ ಮೋಟಾರ್ ಆನ್ ಆದಾಗ ಅಲ್ಲ, ಆಫ್ ಆಗುವ ಗಳಿಗೆಯಲ್ಲೇ ಎಡವಟ್ಟು! ಬೆಂಗಳೂರಿನಲ್ಲಿ ಪರೀಕ್ಷೆ ಮಾಡುವಾಗ ಮೋಟಾರ್ ಇನ್ನೂ ಬಂದಿರಲಿಲ್ಲ ಅಂತ ಅದರ ಜಾಗದಲ್ಲಿ ಬಲ್ಬು ಹಾಕಿದ್ದೆ. ಬಲ್ಬು ಸಾಧು ಪ್ರಾಣಿ. ಮೋಟಾರಿನ ಸುರುಳಿಯಲ್ಲಿ ಹರಿಯುವ ಕರೆಂಟು ಫಕ್ಕನೆ ನಿಲ್ಲಲು ಒಪ್ಪಲ್ಲ. ರಿಲೇ ಬಿಟ್ಟಾಗ ವೋಲ್ಟೇಜ್ ಏರಿ ಕಾಂಟ್ಯಾಕ್ಟ್ ನಡುವೆ ಕಿಡಿ ಹಾರುತ್ತೆ, ಆ ಗಲಾಟೆ ಪಕ್ಕದ ವಯರುಗಳಿಗೂ ಹತ್ತುತ್ತೆ. ಡಿಸ್‌ಪ್ಲೇಗೆ ಹೋಗುವ ಎರಡು ವಯರನ್ನು ನಾನು ಮಹಾಶಯ ಮೋಟಾರಿನ 230 ವೋಲ್ಟಿನ ವಯರ್ ಜೊತೆಗೇ ಜಡೆ ಹೆಣೆದಿದ್ದೆ. ಚಿಪ್ಪು ಡಿಸ್‌ಪ್ಲೇ ಕಡೆಯಿಂದ ಬಾರದ ಉತ್ತರಕ್ಕೆ ಕಾಯುತ್ತಾ ಕೂತುಬಿಡುತ್ತಿತ್ತು.

ಬಟನ್ ಒತ್ತಿ ಮೋಟಾರನ್ನು ಆನ್ ಆಫ್ ಮಾಡುತ್ತಾ ಹೋದೆ. ಏಳನೇ ಸಲಕ್ಕೆ ರೀಸೆಟ್. ಪೇಟೆಯ ಟಿವಿ ರಿಪೇರಿಯವರು ಹಳೇ ಬೋರ್ಡಿನಿಂದ 0.1 ಮೈಕ್ರೋಫ್ಯಾರಡ್‌ನ ಎಕ್ಸ್2 ಕೆಪಾಸಿಟರ್ ಕಿತ್ತುಕೊಟ್ಟರು. ಅದಕ್ಕೊಂದು 100 ಓಮ್ ರೆಸಿಸ್ಟರ್ ಸೇರಿಸಿ ಮೋಟಾರಿನ ಎರಡು ತುದಿಗೆ ಕಟ್ಟಿದೆ. (ರಿಲೇ ಮೇಲೆ ಕಟ್ಟಿದರೆ ಇಷ್ಟು ಚಿಕ್ಕ ಮೋಟಾರ್ ಆಫ್ ಇದ್ದಾಗಲೂ ಗುಂಯ್ ಅನ್ನಬಹುದು.) ವಯರುಗಳನ್ನು ಬೇರೆ ಮಾಡಿದೆ. ದಿನದ ಲೆಕ್ಕ ಈಪ್ರಾಮಿನಲ್ಲಿ ಉಳಿಯುವ ಹಾಗೆ ಬರೆದೆ. ವಾಚ್‌ಡಾಗ್ ಇರಲಿ ಅಂತ ಬಿಟ್ಟೆ. ಆಮೇಲೆ ನೂರು ಸಲ ಬಟನ್ ಒತ್ತಿದೆ, ಅತ್ತೆ ಪಕ್ಕದಲ್ಲಿ ಕೂತು ಎಣಿಸಿದರು. ಏನೂ ಆಗಲಿಲ್ಲ. ಭಾನುವಾರ ಬೆಳಗ್ಗೆ ಹತ್ತಕ್ಕೆ ಹೊಸದಾಗಿ ಆನ್ ಮಾಡಿ ಬಸ್ ಹತ್ತಿದೆ.

ಇಪ್ಪತ್ತರಲ್ಲಿ ಹದಿಮೂರು ಮರಿ ಆಯ್ತು. ನೋಡೋಕೆ ಹೋದಾಗ ಅದೇ ಪುಸ್ತಕ ತಿರುವಿ ಹಾಕಿದೆ. ಆ ಭಾನುವಾರದಿಂದ ಹೊಸ ಪುಟ. 4:01 ನಿಂತಿಲ್ಲ. 8:01 ನಿಂತಿಲ್ಲ. 12:01 ನಿಂತಿಲ್ಲ. 16:01 ನಿಂತಿಲ್ಲ. ಹದಿನಾರು ಅಂದ್ರೆ ರಾತ್ರಿ ಎರಡು ಗಂಟೆ, ಅದಕ್ಕೂ ಎದ್ದು ನೋಡಿದ್ದಾರೆ.