ಜಾವಾ ಏರಿ ಮೇಲುಕೋಟೆಗೆ

ಯುಗಾದಿಗೆ ಇನ್ನು ನಾಲ್ಕೈದು ದಿನಗಳಿದ್ದುವು. ಮೈಸೂರಿನ ಬೀದಿದೀಪಗಳು ಆರುವ ಮೊದಲೇ ಸೋದರಮಾವ ಮತ್ತು ಅಳಿಯ ಹಳೆಯ ಜಾವಾ ಮೋಟರ್‌ಸೈಕಲ್ಲನ್ನು ಅಂಗಳದಿಂದ ಬೀದಿಗೆ ತಳ್ಳಿಕೊಂಡು ಬಂದರು.

ಗಾಡಿ ಆ ಊರಿನದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಿಕೆ ಆರಂಭವಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಮಾವ ತಮ್ಮ ಯೌವನವನ್ನೆಲ್ಲ ಅಲ್ಲಿ ಕಳೆದವರು. ಈಗ ವಯಸ್ಸು ಎಪ್ಪತ್ತು ದಾಟಿದೆ. ಗಾಡಿಯನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ಕೊಟ್ಟುಬಿಡುವ ಮುನ್ನ ಒಮ್ಮೆ ಮೇಲುಕೋಟೆಗೆ ಹೋಗಿಬರಬೇಕೆಂಬುದು ಅವರ ಆಸೆ.

ಈ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರೇ ಗೇರು ಬದಲಿಸುವ ಲಿವರೂ ಹೌದು. ಅಳಿಯ ಅದನ್ನು ಮೇಲಕ್ಕೆತ್ತಿ ಮೆಟ್ಟಿದೊಡನೆ ಎರಡು ಸೈಲೆನ್ಸರುಗಳೂ ದನಿಗೂಡಿಸಿದುವು. ಮಾವ ಹಿಂದೆ ಕುಳಿತರು.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಮೋಟರ್‌ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಆದರೆ ವಸಂತವನ್ನು ಕಾಣಬೇಕೆನ್ನುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಅದು ಇರುವುದು ಊರೊಳಗಿನ ದಾರಿಗಳಲ್ಲಿ. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರ ಕಾಲದ, 1804ರ ಕಲ್ಲುಸೇತುವೆಯ ಕೆಳಗೆ ಕಾವೇರಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಅಲ್ಲಿಂದ ಪಾಂಡವಪುರದತ್ತ ಹೊರಳಿದೊಡನೆ ಗಾಳಿಯೇ ಬೇರೆಯಾಯಿತು. ಬೇವಿನ ಹೂವಿನ ನವುರಾದ ಗಂಧ, ಅದರ ಬೆನ್ನಿಗೇ ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ವಾಸನೆ. ಕೃಷ್ಣರಾಜಸಾಗರದಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ನೀರು ಈ ಸೀಮೆಯ ಬೇಸಗೆಯನ್ನೂ ಹಸುರಾಗಿಸಿದೆ. ಗಾಜು ಏರಿಸಿದ ಕಾರಿನೊಳಗೆ ಇದಾವುದೂ ನುಸುಳದು.

ಪಾಂಡವಪುರದ ಮಗ್ಗುಲಲ್ಲೇ ಕುಂತಿಬೆಟ್ಟ. ವನವಾಸದ ಕಾಲದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂಬುದು ಜನರ ನಂಬಿಕೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟದ್ದರಿಂದ ಊರಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೂ ಇತ್ತು.

ಜಕ್ಕನಹಳ್ಳಿ ದಾಟಿ ಏರು ಹತ್ತುವಾಗ ಎಂಜಿನ್ ಎರಡು ಬಾರಿ ಕೆಮ್ಮಿ ನಿಂತಿತು. ಅಳಿಯ ಇಳಿದು ಸುಮ್ಮನೆ ಸುತ್ತು ಬಂದ.

“ಪ್ಲಗ್ಗಿಗೆ ಮಸಿ ಹಿಡಿದಿದೆ. ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸಿದ್ದೀಯೆ.”

“ನೀವು ಹೇಳಿದಷ್ಟೇ ಬೆರೆಸಿದೆ, ಮಾವ.”

ಮಾವ ನಕ್ಕರು. ಹೊಂಗೆಯ ಎಳೆಚಿಗುರಿನ ನೆರಳಿನಲ್ಲಿ ಕುಳಿತು ಪ್ಲಗ್ಗನ್ನು ಬಿಚ್ಚಿ, ಉಜ್ಜಿ, ಒರೆಸಿ ಮರಳಿ ಕೂರಿಸಿದರು. ಕನ್ನಡಕವನ್ನು ಮನೆಯಲ್ಲೇ ಮರೆತುಬಂದಿದ್ದರು. ಕೈಗೆ ಅದರ ಅಗತ್ಯ ಬೀಳಲಿಲ್ಲ. ಮೊದಲ ಕಿಕ್ಕಿಗೇ ಎಂಜಿನ್ ಚೇತರಿಸಿಕೊಂಡಿತು.

ಮೇಲುಕೋಟೆಯಲ್ಲಿ ವೈರಮುಡಿಯ ಜನಸಂದಣಿ ಕರಗಿತ್ತು. ರಾಮಾನುಜಾಚಾರ್ಯರು ನೆಲೆಸಿದ್ದ, ಕವಿ ಪು.ತಿ.ನ. ಅವರು 1905ರಲ್ಲಿ ಹುಟ್ಟಿದ ಊರು ಮತ್ತೆ ತನ್ನ ಮೌನಕ್ಕೆ ಮರಳಿತ್ತು. ಅಳಿಯ ಯೋಗನರಸಿಂಹನ ಬೆಟ್ಟವನ್ನೇರಿದ. ಮೊಣಕಾಲು ಒಪ್ಪದೆ ಮಾವ ಕಲ್ಯಾಣಿಯ ಸೋಪಾನದಲ್ಲೇ ಕುಳಿತು ಕೈಗೆ ಹತ್ತಿದ್ದ ಮಸಿಯನ್ನು ತೊಳೆಯಹೊರಟರು. ಅರ್ಧ ತೊಳೆದು, ಏಕೋ ಹಾಗೆಯೇ ಬಿಟ್ಟರು. ಆಮೇಲೆ ಇಬ್ಬರೂ ಪುಳಿಯೋಗರೆ ತಿಂದು, ಬಿಸಿಲು ಇಳಿದ ಮೇಲೆ ಹೊರಟರು.

ಮೈಸೂರು ಸೇರಿದಾಗ ದೀಪ ಹೊತ್ತಿಸುವ ವೇಳೆ. ಅಳಿಯ ಕೀಲಿಯನ್ನು ನೀಡಿದ. ಮಾವ ತೆಗೆದುಕೊಳ್ಳಲಿಲ್ಲ.

“ಬರುವ ಭಾನುವಾರ ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸಬೇಕು. ಬೆಳಗ್ಗೆಯೇ ಬಾ, ತೋರಿಸಿಕೊಡುತ್ತೇನೆ” ಎಂದರು.

ಕೊಳ್ಳಲು ಬಂದಿದ್ದವರ ಮಾತನ್ನು ಆ ರಾತ್ರಿ ಇಬ್ಬರೂ ಎತ್ತಲಿಲ್ಲ.